ಜಾಗ ಬದಲಿಸಿದ ಹಲ್ಲು

ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ಬಾಗಿಲು ಸಾರಿಸಿದೆ, ಆರು ರೊಟ್ಟಿ ಬಡಿದು ಯಜಮಾನರ ಡಬ್ಬಿ ಕಟ್ಟಿದೆ, ಗಿರಣಿಗೆ ಜೋಳ ಕೊಟ್ಟೆ. ಹತ್ತಕ್ಕೆಲ್ಲ ದಾವಣಗೆರೆಯ ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿದ್ದೆ. ತೊಂಬತ್ತೆಂಟನೇ ಇಸವಿ ಇರಬೇಕು.

ಅದಕ್ಕೆ ಹತ್ತು ದಿನ ಮೊದಲು, ಅಲ್ಲಿ ಕಲಿಯುತ್ತಿದ್ದ ಹುಡುಗಿ ಡಾಕ್ಟರೊಬ್ಬಳು ನನ್ನ ಹುಳುಕು ದವಡೆಹಲ್ಲು ಕಿತ್ತು, ಮೂಲೆಯಲ್ಲಿ ಸುಮ್ಮನೆ ಕೂತಿದ್ದ ನನ್ನದೇ ಬುದ್ಧಿಹಲ್ಲನ್ನು ತೆಗೆದು ಆ ಗುಂಡಿಗೆ ಕೂಡಿಸಿ, ದಾರದಿಂದ ಬಿಗಿದಿದ್ದಳು. ಅವಳ ಕೈಯಿಂದಾದ ಮೊದಲ ಇಂಥ ಕೆಲಸವಂತೆ. ಆ ಕಡೆ ಏನೂ ಅಗಿಯಬಾರದು, ಗಂಜಿ, ಮೆತ್ತನೆ ಅನ್ನ ಅಷ್ಟೇ ಎಂದು ಮೂರು ಸಲ ಹೇಳಿದ್ದಳು.

ಈ ಕುರ್ಚಿಯಲ್ಲಿ ಕೂರುವ ಹಿಂದಿನ ದಿನ ಹರಿಹರದಲ್ಲಿ ನನ್ನ ತಂಗಿಯ ಬಸುರಿ ಮಗಳ ಕುಬುಸದ ಶಾಸ್ತ್ರವಿತ್ತು. ಹೆಂಗಸರೆಲ್ಲ ನನ್ನ ಬಾಯಿ ತೆರೆಸಿ ನೋಡಿದರು. ಭಾನುವಳ್ಳಿಯಲ್ಲಿ ಗದ್ದೆಯಿರುವ ತಂಗಿಯ ಅತ್ತೆ ಕೊಡುಬಳೆ ತಟ್ಟೆ ಮುಂದೆ ನೂಕಿದರು.

"ನಾಟಿ ಹಾಕಿದ ಸಸಿ ಬೇರು ಹಿಡದೈತೋ ಇಲ್ಲೋ ಅಂತ ನಾವು ಜಗ್ಗಿ ನೋಡ್ತೀವಿ. ನೀನು ಕಡದು ನೋಡವ್ವ. ತಿನ್ನಾಕ ಬರದ ಹಲ್ಲು ಯಾಕ ಬೇಕು?"

ಎಲ್ಲರೂ ನಕ್ಕರು. ಹಟಕ್ಕೆ ಆ ಕಡೆಯಿಂದಲೇ ಕಡಿದೆ. ಮುರಿದದ್ದು ಕೊಡುಬಳೆ, ಒಳಗೆ ಸರಿದದ್ದು ಏನೆಂದು ನನಗೊಬ್ಬಳಿಗೇ ಗೊತ್ತಾಯಿತು. ನಗುತ್ತಲೇ ನುಂಗಿದೆ.

ಈಗ ಹುಡುಗಿ ಮುಟ್ಟಿದ ಕೂಡಲೇ ಹಲ್ಲು ಅಲುಗಾಡಿತು. ಅವಳ ಮುಖ ಬಿಳಿಚಿಕೊಂಡಿತು. ದೊಡ್ಡ ಡಾಕ್ಟರನ್ನು ಕರೆತಂದಳು. ಗಟ್ಟಿ ಪದಾರ್ಥ ಏನಾದರೂ ತಿಂದಿರೇ ಎಂದು ಅವರು ಮೊದಲು ನನ್ನನ್ನೇ ಕೇಳಿದರು.

"ಇಲ್ಲರಿ, ಬರೇ ಗಂಜಿ," ಎಂದೆ.

ಅವರು ಅವಳ ಕಡೆ ತಿರುಗಿದರು. ಗುಂಡಿ ಅಗಲ ಮಾಡಿದ್ದೀಯ, ಇನ್ನು ಆರು ತಿಂಗಳು ಇಂಥ ಕೆಲಸ ಮುಟ್ಟಬೇಡ ಎಂದರು, ಅವಳ ಜೊತೆಯವರೆಲ್ಲರ ಎದುರಿಗೆ. ಅವಳು ತಲೆ ತಗ್ಗಿಸಿದಳು. ನನ್ನ ಬಾಯಿ ತೆರೆದೇ ಇತ್ತು. ಹುಡುಗಿ ಹಲ್ಲನ್ನು ಪಕ್ಕದ ಹಲ್ಲಿಗೆ ತಂತಿಯಿಂದ ಕಟ್ಟಿ, ಗೇಟಿನವರೆಗೂ ನನ್ನ ಜೊತೆ ಬಂದಳು.

"ನನ್ನ ಕೈಯೇ ತಪ್ಪಿರಬೇಕಮ್ಮ. ಬೇಜಾರಾಗಬ್ಯಾಡ್ರಿ."

ಬರ್ತೀನಮ್ಮ ಎಂದಷ್ಟೇ ಹೇಳಿ ಆಟೋ ಹತ್ತಿದೆ. ಮುಂದಿನ ಸಲ ನನ್ನನ್ನು ನೋಡಿದ್ದು ಬೇರೆ ಡಾಕ್ಟರು. ಅವಳೆಲ್ಲಿ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಹಲ್ಲು ಹೇಗೋ ಹಿಡಿಯಿತು. ಇವತ್ತಿಗೂ ಅದರಲ್ಲೇ ಅಗಿಯುತ್ತೇನೆ.

ತಂತಿ ಕಟ್ಟಿಸಿಕೊಂಡು ಬಂದ ಆ ಸಂಜೆ ಯಜಮಾನರು, ಆ ಹುಡುಗಿಗೆ ಇನ್ನೂ ಕೆಲಸ ಬರೋದಿಲ್ಲ ಅನ್ನು ಎಂದರು. ಹ್ಞೂಂ ಅಂದೆ. ನಾನು ಗಂಜಿ ಕುಡಿದೆ. ಅವರು ರೊಟ್ಟಿ, ಪುಂಡಿಪಲ್ಯ ಉಂಡು, ತಂಗಿ ಕಟ್ಟಿಕೊಟ್ಟ ಕೊಡುಬಳೆಯನ್ನು ಕಟಕಟ ತಿಂದರು. ಅವರೇ ಮೊದಲು ಮಲಗಿದರು.