ಹೂವಿನ ಪಾಟಿಯ ಎತ್ತಿದ ಕಾಲು

ದೆವ್ವ, ಪವಾಡ, ಕಣ್ಕಟ್ಟು ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಅದೂ ಬಿ.ಎಸ್ಸಿ., ಅದೂ ಫಿಸಿಕ್ಸ್. ಎರಡು ಸಲ ಫೇಲಾದೆ, ಕಾಪಿ ಮಾತ್ರ ಹೊಡೆಯಲಿಲ್ಲ. ಜಂಬಕ್ಕೆ ಹೇಳುತ್ತಿದ್ದಾನೆ ಅಂದುಕೊಂಡರೂ ಪರವಾಗಿಲ್ಲ, ಮುಂದೆ ಬರುವ ಮಾತಿಗೆ ಇದು ಬೇಕು.

ಆಗ ನಾನು ಚೆನ್ನೈಯಲ್ಲಿ ಇನ್ಶೂರೆನ್ಸ್ ಆಫೀಸೊಂದರ ಗುಮಾಸ್ತ, ವಾಸ ತ್ರಿಪ್ಲಿಕೇನಿನ ಲಾಡ್ಜು. ಡಿಜಿಟಲ್ ಕ್ಯಾಮೆರಾಗಳು ನಮ್ಮಂಥವರ ಕೈಗೂ ಎಟುಕತೊಡಗಿದ್ದ ಕಾಲ. ನಾನೂ ಒಂದು ಬ್ರಿಜ್ ಕ್ಯಾಮೆರಾ ತಗೊಂಡೆ. ನೋಡಲು ದೊಡ್ಡ ಕ್ಯಾಮೆರಾದ ಹಾಗೇ, ಆದರೆ ಲೆನ್ಸ್ ಬಿಚ್ಚಲು ಬರುವುದಿಲ್ಲ. ಬೆಲೆಯೂ ಕಮ್ಮಿ, ಮರ್ಯಾದೆಯೂ ಕಮ್ಮಿ. ಅದರಲ್ಲಿ ಶಟರನ್ನು, ಅಂದರೆ ಬೆಳಕು ಒಳಬಿಡುವ ಕದವನ್ನು, ಹದಿನೈದು ಸೆಕೆಂಡು ತೆರೆದಿಡಬಹುದಿತ್ತು. ಹಾಗೆ ತೆಗೆದರೆ ನಿಂತದ್ದು ನಿಚ್ಚಳವಾಗಿ ಮೂಡುತ್ತದೆ, ನಡೆದದ್ದು ಹೊಗೆಯಾಗಿಬಿಡುತ್ತದೆ. ಈ ವಿದ್ಯೆಯ ಹುಚ್ಚು ಹಿಡಿಯಿತು. ಹಗಲಲ್ಲಿ ತೆಗೆದು ಎಲ್ಲ ಬೆಳ್ಳಗೆ ಮಾಡಿಕೊಂಡೆ, ಕೈಯಲ್ಲಿ ಹಿಡಿದು ಎಲ್ಲ ಅಲುಗಿಸಿಕೊಂಡೆ. ಟ್ರೈಪಾಡ್ ಇರಲಿಲ್ಲ. ಕೊನೆಗೆ ಮೆಸ್ಸಿನವರ ಹತ್ತಿರ ಅಕ್ಕಿ ಬೇಡಿ, ಬಟ್ಟೆಚೀಲಕ್ಕೆ ತುಂಬಿ ಹೊಲಿದು, ಅದರ ಮೇಲೆ ಕ್ಯಾಮೆರಾ ಕೂರಿಸುವುದನ್ನು ಕಲಿತೆ.

ಒಂದು ಸಂಜೆ ದೀಪ ಹತ್ತುವ ಹೊತ್ತಿಗೆ, ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಅಕ್ಕಿಚೀಲ ಇಟ್ಟು ಬೀದಿಯ ಕಡೆ ಕ್ಯಾಮೆರಾ ತಿರುಗಿಸಿದ್ದೆ. ಅಲ್ಲಿ ದಿನಾ ಮಲ್ಲಿಗೆ ಮಾರುವ ಮುದುಕಿಯೊಬ್ಬಳಿದ್ದಳು. ಎಲ್ಲರಿಗೂ ಅವಳು ಪಾಟಿ, ಅಂದರೆ ಅಜ್ಜಿ. ಬುಟ್ಟಿ ಸೊಂಟಕ್ಕೇರಿಸಿಕೊಂಡು ಬಂದು ನಿಂತಳು. ಜೊತೆಗೆ ಇನ್ನೊಬ್ಬ ಹೂವಿನವಳು, ಕಣ್ಣಮ್ಮ.

"ಏನ್ ತಂಬಿ, ಫೋಟೋನಾ? ನಾವೂ ಬೀಳ್ತೀವಾ ಅದ್ರಲ್ಲಿ?" ಪಾಟಿ ತಮಿಳಲ್ಲಿ ಕೇಳಿದಳು.

ನನಗೆ ಪಾಠ ಹೇಳುವ ಚಪಲ. "ಇಲ್ಲ ಪಾಟಿ. ಇದರಲ್ಲಿ ನಿಂತವರು ಮಾತ್ರ ಬೀಳೋದು. ನಡೆಯೋವರು ಅಳಿಸಿಹೋಗ್ತಾರೆ."

ಅವಳಿಗೆ ರೇಗಿತು. "ಅದ್ಯಾವ ನ್ಯಾಯವಪ್ಪಾ? ಕೂತು ಉಣ್ಣೋರು ಬೀಳ್ತಾರೆ, ನಡೆದು ದುಡಿಯೋಳು ಅಳಿಸಿಹೋಗ್ಬೇಕಾ? ಈ ಬೀದೀನ ಸವೆಸಿದೋಳೇ ನಾನು. ಒತ್ತು, ಬೀಳ್ತೀನೋ ಇಲ್ವೋ ನೋಡೇಬಿಡೋಣ!"

ಒತ್ತಿದೆ. ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಹೊರಟರು, ಒಂದೇ ನಡಿಗೆ. ನಾನು ಕಣ್ಣು ಕೀಳದೆ ನೋಡುತ್ತಿದ್ದೆ. ಪಾಟಿ ಎಲ್ಲೂ ನಿಲ್ಲಲಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಶಟರ್ ಮುಚ್ಚುವಷ್ಟರಲ್ಲಿ ಇಬ್ಬರೂ ತಿರುವಿನಲ್ಲಿ ಮರೆಯಾಗಿದ್ದರು.

ಪರದೆ ಸ್ವಲ್ಪ ಹೊತ್ತು ಕಪ್ಪಾಗಿದ್ದು ಚಿತ್ರ ಬಂತು. ಬೀದಿ ತುಂಬ ಹೊಗೆ. ಆಟೋಗಳು ಬರೀ ಬೆಳಕಿನ ಗೆರೆ. ಕಣ್ಣಮ್ಮ ಒಂದು ಮಸುಕು. ಅದರ ಪಕ್ಕದಲ್ಲೇ, ಬೀದಿಯ ನಟ್ಟನಡುವೆ, ಪಾಟಿ. ಬುಟ್ಟಿಯ ಹೆಣಿಗೆ ಕಾಣುವಷ್ಟು ಸ್ಪಷ್ಟ. ಒಂದು ಕಾಲು ನೆಲ ಬಿಟ್ಟು ಮೇಲೆದ್ದಿದೆ.

ಪ್ರಿಂಟು ಹಾಕಿಸಿಕೊಂಡು ಭಾನುವಾರ ನಮ್ಮ ಕನ್ನಡದವರ ಫೋಟೋ ಬಳಗಕ್ಕೆ ಹೋದೆ. ಅಲ್ಲಿನ ಹಿರಿಯರೊಬ್ಬರು ಅಜ್ಜನ ಕಾಲದಿಂದ ಮದ್ರಾಸಿನವರು, ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರು. ಕನ್ನಡಕ ಏರಿಸಿ ನೋಡಿ, "ಫ್ಲಾಷ್ ಹೊಡೆದಿದೀರಿ, ಅದು ನಡೆಯೋರನ್ನೂ ನಿಲ್ಲಿಸಿ ತೋರಿಸುತ್ತೆ," ಅಂದರು. ಫ್ಲಾಷ್ ಮುಚ್ಚಿತ್ತು ಸಾರ್, ಹೊಡೆದಿದ್ದರೆ ಪಕ್ಕದವಳೂ ಮೂಡಬೇಕಿತ್ತಲ್ಲ ಅಂದೆ.

"ಸರಿ, ಹಾಗಾದ್ರೆ ಎರಡು ಫೋಟೋ ಅಂಟಿಸಿದೀರಿ. ಒಪ್ಕೊಂಡ್ಬಿಡಿ ಸಾರ್, ಪರವಾಯಿಲ್ಲೆ. ಎಕ್ಸಿಬಿಷನ್‌ನಲ್ಲಿ ಟ್ರಿಕ್ ಫೋಟೋ ಅಂತ ಹಾಕ್ಸೋಣ. ಹೊಸಬರಿಗೆ ಹೆಸರಿನ ಆತುರ ಇರೋದೇ!" ಎಲ್ಲರೂ ನಕ್ಕರು.

ಮೈ ಉರಿದುಹೋಯಿತು. ಅಂಟಿಸಲು ನನ್ನ ಹತ್ತಿರ ಕಂಪ್ಯೂಟರಾದರೂ ಎಲ್ಲಿತ್ತು? ಡಿಗ್ರಿಗೇ ಕಾಪಿ ಹೊಡೆಯದವನು ಹೂವಿನ ಮುದುಕಿಗಾಗಿ ಹೊಡೆಯುತ್ತೇನೆಯೇ? ಸುಳ್ಳು ಒಪ್ಪಿಕೊಂಡರೆ ಗೋಡೆಯ ಮೇಲೆ ನನ್ನ ಚಿತ್ರ, ನಿಜ ಹೇಳಿದರೆ ನಾನು ಸುಳ್ಳುಗಾರ! ಫೋಟೋ ಕಿತ್ತುಕೊಂಡು ಹೊರಬಂದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅದೇ ಸಿಟ್ಟಿನಲ್ಲಿ ಹೋಗಿ ಪಾಟಿಗೆ ಫೋಟೋ ತೋರಿಸಿದೆ. ಅವಳಿಗೆ ಆಶ್ಚರ್ಯವೇ ಇಲ್ಲ. "ಸೀರೆ ಹಿಂದುಗಡೆ ಹರಿದಿದೆ, ಹೇಳಬಾರ್ದಾ ನೀನು?" ಅಂದಳು. ಆಮೇಲೆ ಪಕ್ಕದ ಮಸುಕಿನ ಮೇಲೆ ಬೆರಳಿಟ್ಟು, "ಇದೇನಿದು ಹೊಗೆ?" ಅಂದಳು.

"ಕಣ್ಣಮ್ಮ."

"ಅಯ್ಯೋ ಪಾವಂ," ಅಂದಳು. "ಅವಳು ನಿನ್ನ ಹತ್ರ ಜಗಳ ಆಡ್ಲಿಲ್ಲವಲ್ಲ."

ಆಮೇಲೆ ಎಷ್ಟೋ ಸಂಜೆ ಅದೇ ಕಟ್ಟೆ, ಅದೇ ಅಕ್ಕಿಚೀಲ. ಪಾಟಿಯನ್ನು ಬೇಡಿಕೊಂಡು ಮತ್ತೆ ಮತ್ತೆ ನಡೆಸಿದೆ. ಪ್ರತಿ ಸಲವೂ ಹೊಗೆ. "ಒಂದ್ಸಲ ಬಿದ್ದಾಯ್ತಲ್ಲ, ಬಿಡಪ್ಪಾ," ಅಂತ ಅವಳಿಗೇ ಬೇಜಾರಾಯಿತು.

ಆ ಹಿರಿಯರ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ. ಆದರೆ ಓದುಗರಲ್ಲಿ ಮುಚ್ಚುಮರೆ ಯಾಕೆ? ಬೇರೆ ಯಾರಾದರೂ ಈ ಫೋಟೋ ತಂದು ತೋರಿಸಿದ್ದರೆ ನಾನೂ "ಅಂಟಿಸಿದೀಯ" ಅಂತಲೇ ಅನ್ನುತ್ತಿದ್ದೆ. ಕಷ್ಟಪಟ್ಟು ಕಲಿತ ಫಿಸಿಕ್ಸೂ ಅದನ್ನೇ ಹೇಳುತ್ತದೆ. ಹಿರಿಯರ ಮೇಲಾದರೆ ಸಿಟ್ಟು ಮಾಡಬಹುದು. ಫಿಸಿಕ್ಸಿನ ಮೇಲೆ ಹೇಗೆ ಮಾಡಲಿ?