ಮಂದೆಗೆ ಬಿಟ್ಟ ನಾಯಿ

ನಾಯಿಗೆ ಕುರಿ ಕಾಯುವುದನ್ನು ಕಲಿಸಬೇಕೆಂಬ ಯೋಚನೆ ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಲೇಬೇಕಾಗಿದ್ದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ.

ಹಾಸನದಲ್ಲಿ ನಮ್ಮದು ಬಾಡಿಗೆ ಮನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ಮೇಲೆ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದೆ. ನಾಯಿಗೆ ಎರಡು ವರ್ಷ. ಕಪ್ಪು ಬಿಳಿ ಮಚ್ಚೆಯ ಬೆರಕೆ ಜಾತಿ, ಒಂದು ಕಡೆ ಕೂರುವ ಪ್ರಾಣಿಯಲ್ಲ. ಟ್ಯೂಷನ್ನಿನ ಮಕ್ಕಳು ಗೇಟು ದಾಟಿ ಒಳಗೆ ಬಂದರೆ ಸಾಕು, ಅವರ ಸುತ್ತ ಓಡಿ, ಹಿಮ್ಮಡಿಗೆ ಮೂತಿ ತಗುಲಿಸಿ, ಎಲ್ಲರನ್ನೂ ಕಾಂಪೌಂಡಿನ ಒಂದು ಮೂಲೆಗೆ ಸೇರಿಸುವವರೆಗೆ ಬಿಡುತ್ತಿರಲಿಲ್ಲ. ನಾನು ನಗುತ್ತಾ ನೋಡುತ್ತಿದ್ದೆ. ಒಂದು ದಿನ ಹುಡುಗಿಯೊಬ್ಬಳ ಕಾಲಿಗೆ ಹಲ್ಲು ತಾಗಿತು. ಮನೆ ಓನರ್ ಬಂದು, “ಒಂದು ತಿಂಗಳು ಟೈಮ್ ಕೊಡ್ತೀನಿ ಮೇಡಂ. ನಾಯಿ ಹೋಗ್ಬೇಕು, ಇಲ್ಲಾಂದ್ರೆ ನೀವು ಹೋಗ್ಬೇಕು” ಎಂದ.

ಗೊತ್ತಿದ್ದವರನ್ನೆಲ್ಲ ಕೇಳಿದೆ. ಮರಿಯಾಗಿದ್ದಾಗ ಎತ್ತಿ ಮುದ್ದಾಡಿದವರೆಲ್ಲ ಈಗ ಫೋನ್ ಎತ್ತಲಿಲ್ಲ. ಹಾಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಯಾವುದೋ ದೇಶದ ಹಸಿರು ಗುಡ್ಡ, ನೂರಾರು ಕುರಿ, ಅವುಗಳ ಹಿಂದೆ ಒಂದೇ ಒಂದು ನಾಯಿ. ಯಜಮಾನ ಕೈ ತೋರಿಸಿದ ಕಡೆಗೆ ಅದು ಇಡೀ ಹಿಂಡನ್ನು ಓಡಿಸಿಕೊಂಡು ಹೋಗುತ್ತದೆ. ನಮ್ಮ ನಾಯಿಗೆ ಇದು ಹುಟ್ಟಿನಿಂದಲೇ ಬಂದಿದೆ ಅನ್ನಿಸಿತು. ಒಂದು ವಾರ ಅಂಥ ವಿಡಿಯೊಗಳನ್ನೇ ನೋಡಿದೆ. ನಾನು ಏನನ್ನಾದರೂ ಕಲಿತೆ ಎಂದುಕೊಂಡರೆ ಮುಗಿಯಿತು, ಮರುದಿನವೇ ಪಾಠ ಹೇಳಲು ಹೊರಡುವವಳು.

ನನ್ನ ತವರು ದಂಡಿಗನಹಳ್ಳಿ ಕಡೆಯ ಒಂದು ಹಳ್ಳಿ. ತಮ್ಮ ಅಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ರಾಗಿ ಕೊಯ್ಲಾದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಪ್ರತಿವರ್ಷವೂ ಅದೇ ಕುರುಬ ಗಂಡ ಹೆಂಡತಿ ಬರುತ್ತಾರೆ. ನೂರರ ಹತ್ತಿರ ಕುರಿ, ಒಂದು ಮುದಿ ನಾಯಿ. ಹಗಲು ಮೇಯಿಸಿಕೊಂಡು ಬಂದು ರಾತ್ರಿ ನಮ್ಮ ಹೊಲದಲ್ಲಿ ಸುತ್ತ ಬಲೆ ಕಟ್ಟಿ ಕುರಿಗಳನ್ನು ಕೂಡುತ್ತಾರೆ. ಆ ಮುದಿ ನಾಯಿಯ ಕಾಲ ಮುಗಿಯುತ್ತಾ ಬಂದಿತ್ತು. ಅವರಿಗೂ ಒಂದು ನಾಯಿ ಬೇಕಿತ್ತು. ನಮ್ಮದನ್ನು ಕರೆದುಕೊಂಡು ಊರಿಗೆ ಹೋದೆ.

ಕುರುಬಣ್ಣ ನನ್ನ ನಾಯಿಯ ಬಾಯಿ ತೆರೆದು ನೋಡಿದ, ಬೆನ್ನು ಸವರಿದ. “ಲಕ್ಷಣವಾಗೈತೆ. ಆದ್ರೆ ದೊಡ್ಡದಾಗ್ಬುಟ್ಟದೆ ಅಕ್ಕ. ನಾವು ಕಣ್ಣು ಬುಡಕ್ಕೆ ಮುಂಚೆನೇ ಮರಿ ತಂದು, ಕುರಿ ಆಲು ಕುಡ್ಸಿ, ಕುರಿಮರಿ ಜೊತೇಲೇ ಮಲಗುಸ್ತೀವಿ” ಎಂದ. ಮತ್ತೊಮ್ಮೆ ಬೆನ್ನು ಸವರಿ, “ನೋಡಾನ. ಎಂಟು ದಿನ ಮಂದೆ ಒಳಗೆ ಗೂಟುಕ್ಕೆ ಕಟ್ಟಾಕ್ತೀನಿ. ನನ್ನೆಂಡ್ರು ಆಲು ಮುದ್ದೆ ಆಕ್ತಾಳೆ. ನೀವು ಓಗ್ಬುಡಿ. ನೀವಿದ್ರೆ ಅದು ಕುರಿ ನೋಡಕಿಲ್ಲ, ನಿಮ್ ಮಕನೇ ನೋಡ್ತದೆ” ಎಂದ.

ನಾನು ವಿಡಿಯೊ ತೋರಿಸಿದೆ. ಆತ ನೋಡಿ ಮೊಬೈಲನ್ನು ಹುಷಾರಾಗಿ ವಾಪಸು ಕೊಟ್ಟ. “ಅದು ಅವ್ರ ಕುರಿ. ನಮ್ಮವು ಅಂಗಲ್ಲ. ನಾನು ಮುಂದೆ ಓಯ್ತೀನಿ, ಅವು ನನ್ನಿಂದೆ ಬತ್ತವೆ, ನಾಯಿ ಪಕ್ಕುದಲ್ಲಿರ್ತದೆ. ಇಂದ್ಲಿಂದ ಓಡ್ಬಂದಿದ್ದು ಏನೇ ಆದ್ರೂ ನಮ್ ಕುರಿಗೆ ಅದು ತ್ವಾಳ ಕಣಕ್ಕ.”

ನಾನು ಹೂಂ ಎಂದೆ. ಮನಸ್ಸಿನಲ್ಲಿ ಮಾತ್ರ, ಪಾಪ, ಇವರಿಗೆ ತಿಳಿಯದು ಎಂದುಕೊಂಡೆ. ಓದಿದವರ ಈ ಕಾಯಿಲೆಗೆ ಮದ್ದಿಲ್ಲ.

ಹಾಸನಕ್ಕೆ ವಾಪಸು ಹೋಗಲಿಲ್ಲ. ತಮ್ಮನ ಮನೆಯಲ್ಲೇ ಉಳಿದು ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ನಿಲ್ಲುತ್ತಿದ್ದೆ. ಮೊದಲ ದಿನ ನಾಯಿ ನನ್ನನ್ನು ಕಂಡು ಗೂಟ ಕೀಳುವಷ್ಟು ಎಳೆದಾಡಿತು. ಎರಡನೆಯ ದಿನ ಒಂದು ಕುರಿಮರಿ ತಾನಾಗಿ ಬಂದು ಅದರ ಹೊಟ್ಟೆಗೆ ಒರಗಿ ಮಲಗಿತು. ಮೂರನೆಯ ದಿನ ನಾಯಿ ಆ ಮರಿಯ ಕಿವಿ ನೆಕ್ಕುತ್ತಿತ್ತು. ಕುರುಬಣ್ಣನ ಮುಖದಲ್ಲಿ ನಗು ಕಂಡಿತು. “ಪರ್ವಾಗಿಲ್ಲ, ದಾರಿಗ್ ಬತ್ತದೆ” ಎಂದ. ಇನ್ನೈದು ದಿನ ಸುಮ್ಮನಿದ್ದಿದ್ದರೆ ನನ್ನ ನಾಯಿಗೆ ಒಂದು ಮನೆಯಾಗುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಎಷ್ಟು ಮಕ್ಕಳ ಉತ್ತರಪತ್ರಿಕೆ ಹಿಡಿದು ಬೈದಿದ್ದೇನೋ.

ಅವತ್ತು ಹನ್ನೊಂದು ಗಂಟೆಯ ಹೊತ್ತಿಗೆ ಕುರಿಗಳು ರಾಗಿ ಕೂಳೆಯಲ್ಲಿ ಮೇಯುತ್ತಿದ್ದವು. ಹೊಲದ ಪಕ್ಕದಲ್ಲೇ ನಾಲೆ. ಕೆರೆ ತುಂಬಿಸಲೆಂದು ನೀರು ಬಿಟ್ಟಿದ್ದರು. ಕುರುಬಣ್ಣ ಸೊಪ್ಪು ತರಲು ಹೋಗಿದ್ದ, ಅವನ ಹೆಂಡತಿ ಬೋರ್‌ವೆಲ್ ಕಡೆಗೆ ಬಿಂದಿಗೆ ತೆಗೆದುಕೊಂಡು ಹೋಗಿದ್ದಳು. ಹೋಗುವಾಗ, “ಒಸಿ ನೋಡ್ಕಳಿ ಅಕ್ಕ” ಎಂದಿದ್ದಳು.

ನಾನು ನಾಯಿಯ ಬೆಲ್ಟಿಗೆ ಕಟ್ಟಿದ್ದ ಹಗ್ಗದ ಗಂಟು ಬಿಚ್ಚಿದೆ. ವಿಡಿಯೊದಲ್ಲಿ ಕಂಡ ಹಾಗೆ ಕೈ ಚಾಚಿ, “ಹೋಗು ಮಗನೇ” ಎಂದೆ.

ಅದು ಹೋಯಿತು. ಎಷ್ಟು ಚೆನ್ನಾಗಿ ಹೋಯಿತೆಂದರೆ ನಾನು ಚಪ್ಪಾಳೆ ತಟ್ಟಿದೆ. ಹೊಟ್ಟೆ ನೆಲಕ್ಕೆ ತಾಗುವಂತೆ ಓಡಿ, ದೊಡ್ಡದೊಂದು ಸುತ್ತು ಹಾಕಿ, ಕುರಿಗಳ ಹಿಂದೆ ನಿಂತಿತು. ಕುರಿಗಳು ತಲೆ ಎತ್ತಿದವು. ಮುದಿ ನಾಯಿ ಒಮ್ಮೆ ಬೊಗಳಿತು. ಆಮೇಲೆ ಇಡೀ ಮಂದೆ ಒಂದೇ ಸಲಕ್ಕೆ ನಾಲೆಯ ಕಡೆಗೆ ನುಗ್ಗಿತು. ಏರಿಯ ಮೇಲೆ ಹತ್ತಿದ ಮೊದಲ ಕುರಿ ನಿಲ್ಲಲು ನೋಡಿತು, ಹಿಂದಿನವು ಬಿಡಲಿಲ್ಲ. ಅದು ಬಿತ್ತು. ಒಂದು ಬಿದ್ದ ಮೇಲೆ ಮಿಕ್ಕವು ಬೀಳಲಿಲ್ಲ, ಹಾರಿದವು. “ಬಾ, ಬಾ” ಎಂದು ಕಿರುಚಿದೆ. ಕುರಿಗಳ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ನಾಯಿಯೂ ಅವುಗಳ ಹಿಂದೆ ನೀರಿಗೆ ಬಿತ್ತು.

ನಾಲೆಯ ಎರಡೂ ಕಡೆ ಸಿಮೆಂಟಿನ ಇಳಿಜಾರು. ಪಾಚಿ ಹಿಡಿದು ಜಾರುತ್ತಿತ್ತು. ಕುರಿಗಳು ಗೊರಸು ಊರಲು ನೋಡುತ್ತಿದ್ದವು, ಜಾರುತ್ತಿದ್ದವು, ಉಣ್ಣೆ ನೆನೆದು ಭಾರವಾಗಿ ಮುಳುಗುತ್ತಿದ್ದವು. ನಾನು ಏರಿಯ ಮೇಲೆ ಬೋರಲು ಮಲಗಿ ಕೈ ಚಾಚಿದೆ. ಕೈಗೆಟುಕುವಷ್ಟು ದೂರದಲ್ಲಿ ಒಂದು ಗಬ್ಬದ ಕುರಿ ಇತ್ತು, ಅದರ ಪಕ್ಕದಲ್ಲಿ ನನ್ನ ನಾಯಿ. ನಾನು ನಾಯಿಯ ಬೆಲ್ಟು ಹಿಡಿದು ಎಳೆದೆ. ಅದನ್ನು ಮೇಲಕ್ಕೆ ಹಾಕಿ ತಿರುಗುವಷ್ಟರಲ್ಲಿ ಕುರಿ ಅಲ್ಲಿರಲಿಲ್ಲ.

ಕುರುಬಣ್ಣ ಸೊಪ್ಪಿನ ಹೊರೆ ಬಿಸಾಡಿ ಬಂದವನು ಹಾಗೇ ನೀರಿಗೆ ಧುಮುಕಿದ. ತಮ್ಮ, ಅಕ್ಕಪಕ್ಕದ ಹೊಲದವರು ಹಗ್ಗ ತಂದರು. ಹೆಚ್ಚಿನವು ಬದುಕಿದವು. ಹನ್ನೊಂದನ್ನು ಏರಿಯ ಮೇಲೆ ಸಾಲಾಗಿ ಮಲಗಿಸಿದರು. ಅವುಗಳಲ್ಲಿ ಗಬ್ಬದವೇ ಹೆಚ್ಚು. ಕುರುಬಣ್ಣನ ಹೆಂಡತಿ ಒಂದೊಂದರ ಹೊಟ್ಟೆಯನ್ನೂ ಮುಟ್ಟಿ ನೋಡುತ್ತಾ, “ಅಯ್ಯೋ ನನ್ನವ್ವ, ನಾಳೆನೋ ನಾಳಿದ್ದೋ ಈಯ್ತಿತ್ತಲ್ಲಪ್ಪಾ” ಎಂದು ಅಳುತ್ತಿದ್ದಳು. ನನ್ನ ನಾಯಿ ಒದ್ದೆ ಮೈ ಕೊಡವಿಕೊಂಡು ನನ್ನ ಕಾಲ ಬಳಿ ಬಂದು ನಿಂತಿತು. ಬಾಲ ಅಲ್ಲಾಡಿಸುತ್ತಿತ್ತು.

ಕುರುಬಣ್ಣ ನನ್ನ ಹತ್ತಿರ ಬಂದ. “ಅಕ್ಕ, ಒಂದ್ ಮಾತು ಯೋಳ್ಬುಡಿ. ಅದಾಗೇ ಅಗ್ಗ ಕಿತ್ಕಂತಾ, ಇಲ್ಲ ಯಾರಾದ್ರೂ ಬುಟ್ರಾ? ಯಾರಾರ ಬುಟ್ಟು ಓಡ್ಸುದ್ರೆ ನಾಯಿದು ತಪ್ಪಿಲ್ಲ. ಅದಾಗೇ ಕಿತ್ಕಂಡು ಕುರಿ ಮ್ಯಾಲೆ ಓಗಿದ್ರೆ ಅದುನ್ನ ಉಳುಸ್ಬಾರ್ದು. ಒಂದ್ಸಲ ರುಚಿ ಕಂಡಿದ್ದು ಬುಡಕಿಲ್ಲ, ಯಾವೂರಿಗೋದ್ರೂ ಇದೇಯ” ಎಂದ.

ತಮ್ಮ ನನ್ನನ್ನೇ ನೋಡುತ್ತಿದ್ದ. ಹೊಲದವರೆಲ್ಲ ನೋಡುತ್ತಿದ್ದರು. ಅವರಲ್ಲಿ ಇಬ್ಬರು ನನ್ನ ಶಿಷ್ಯರು.

“ಕಿತ್ಕೊಂಡು ಹೋಯ್ತಣ್ಣ” ಎಂದೆ.

ಹೆದರಿದೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ಸಾಕಾಗಿದೆ, ಸಿಕ್ಕಿಲ್ಲ. ಗೂಟದ ಹತ್ತಿರ ಹೋಗಿ ಹಗ್ಗ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೇಷ್ಟ್ರಮ್ಮನ ಮಾತಿಗೆ ಸಾಕ್ಷಿ ಯಾರು ಕೇಳುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಳೆದವಳು ನಾನು.

ತಮ್ಮ ಮತ್ತು ಇನ್ನಿಬ್ಬರು ಅದರ ಕೊರಳಿಗೆ ಹಗ್ಗ ಹಾಕಿದರು. ವಾಕಿಂಗ್ ಎಂದುಕೊಂಡಿತೋ ಏನೋ, ಖುಷಿಯಾಗಿ ಎದ್ದಿತು. ಹೊಲದಾಚೆಯ ಹುಣಸೆ ಮರದ ಕಡೆಗೆ ಹೋಗುವಾಗ ನಾನು ಬರುತ್ತಿಲ್ಲವೆಂದು ನಿಂತು ಹಿಂದಕ್ಕೆ ನೋಡಿತು. ಒಬ್ಬ ಎಳೆದ. ನನ್ನ ಬಾಯಿಂದ ಇನ್ನೂ ಒಂದು ಮಾತು ಹೊರಡಬಹುದಿತ್ತು, ಅಷ್ಟು ಸಮಯವಿತ್ತು. ಸೀರೆಗೆ ಮೆತ್ತಿದ್ದ ಪಾಚಿಯನ್ನು ಒರೆಸಿಕೊಳ್ಳುತ್ತಾ ಕೂತೆ. ಆಮೇಲೆ ದೊಣ್ಣೆಯ ಸದ್ದು ಕೇಳಿಸಿತು. ಅದು ಒಂದೇ ಏಟಿಗೆ ಮುಗಿಯಲಿಲ್ಲ.

ಮುಂದಿನ ವರ್ಷ ಕೊಯ್ಲಾದ ಮೇಲೆ ಅದೇ ಗಂಡ ಹೆಂಡತಿ ಮಂದೆ ತಂದರು. ಬರುವುದಿಲ್ಲವೇನೋ ಎಂದು ನಾನು ಆಸೆಪಟ್ಟಿದ್ದೆ. ತವರಿಗೆ ಹೋದವಳು ಹೊಲದ ಕಡೆ ಸುಳಿಯಲಿಲ್ಲ. ಕುರುಬಣ್ಣನೇ ಮನೆಗೆ ಬಂದ. ಜಗುಲಿಯ ತುದಿಯಲ್ಲಿ ಕೂತ. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

“ವರ್ಸದಿಂದ ಒಂದ್ ಮಾತು ಮನ್ಸಲ್ಲೇ ಕೊರೀತಾ ಐತೆ ಅಕ್ಕ” ಎಂದ. ಗೊತ್ತಾಗಿದೆ ಎಂದುಕೊಂಡೆ. ಆ ಕ್ಷಣಕ್ಕೆ ಒಂದು ಥರ ನಿರಾಳವೂ ಆಯಿತು.

“ಅವತ್ತು ಅಗ್ಗ ಕಟ್ಟಿದ್ದು ನಾನೇ ಅಲ್ವಾ. ಗಂಟು ಸಡ್ಲ ಬುಟ್ಬುಟ್ನೇನೋ. ನಂಬ್ಕಂಡು ನನ್ ಕೈಗೆ ಕೊಟ್ರಿ, ಮಗೀನಂಗೆ ಸಾಕಿದ್ರಿ. ನನ್ನಿಂದ ಸತ್ತೋಯ್ತು. ತಪ್ಪಾಯ್ತು, ಒಟ್ಟೆಗಾಕ್ಕಳಿ.”

ಅವನ ಕಣ್ಣು ತುಂಬಿತ್ತು. ನಾನು ಲೋಟದೊಳಗೆ ಆರುತ್ತಿದ್ದ ಕಾಫಿಯನ್ನೇ ನೋಡಿದೆ.

“ಹೋಗ್ಲಿ ಬಿಡಣ್ಣ, ಆಗಿದ್ದಾಯ್ತು” ಎಂದೆ. ಕ್ಷಮಿಸಿದೆ.