ಕಪ್ಪು ಪರದೆಗೊಂದು ಪ್ಲೀಸ್

ಪಕ್ಕದ ಮನೆಯ ಹುಡುಗಿ ಈ ಮಧ್ಯಾಹ್ನ ವರಾಂಡದಲ್ಲಿ ಕೂತು ಗೆಳತಿಯ ಕೈಗೆ ಮೆಹಂದಿ ಹಾಕುತ್ತಿದ್ದಳು. ಕೋನಿನ ತುದಿ ಕತ್ತರಿಸಿದ ಕೂಡಲೇ ನೀಲಗಿರಿ ಎಣ್ಣೆಯ ಘಾಟು ಕಿಟಕಿ ದಾಟಿ ನನ್ನ ಅಡುಗೆಮನೆಗೆ ಬಂತು. ಬೇರೆಯವರಿಗೆ ಈ ವಾಸನೆಗೆ ಮದುವೆಮನೆ ನೆನಪಾಗುತ್ತದೆ. ನನಗೆ ಕಂಪ್ಯೂಟರ್ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ನನ್ನ ತವರು ಚನ್ನಗಿರಿ, ಸೇರಿದ ಮನೆ ಹೊನ್ನಾಳಿ. ನನ್ನ ನಾದಿನಿ ಸುಮಾ ಆಗ ನಮ್ಮ ಮನೆಯ ಮೇಲಿನ ಕೋಣೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಮ್ಮತ್ತೆ "ಕಂಪ್ಯೂಟರ್‌ನಾಗೆ ಏನೋ ಐತೆ" ಎಂದು ಮುಗಿಸಿಬಿಡುತ್ತಿದ್ದರು. ನಾನು ಸ್ವಲ್ಪ ತಿಳಿದುಕೊಂಡಿದ್ದೆ. ಎಲ್ಲೋ ದೂರದಲ್ಲಿ ಬೀರುವಿನಷ್ಟು ದೊಡ್ಡ ಮೇನ್‌ಫ್ರೇಮ್ ಯಂತ್ರ. ಅದರೊಳಗೆ, ಯಾವ ಸಂದೇಶ ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವ ಒಂದು ರೂಟಿಂಗ್ ಸರ್ವರ್. ಸಂತೆಯ ದಿನ ಸಂತೇಬೆನ್ನೂರಿನಲ್ಲಿ ಬಸ್ಸು ಬೇರೆ ರಸ್ತೆ ಹಿಡಿಯುವುದಿಲ್ಲವೇ, ಹಾಗೆ. ಅದರ ಜೊತೆ ಮಾತಾಡಲು ಸುಮಾಳ ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಪರದೆ, ಹಸಿರು ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ. ಒಂದು ಸಾಲಿನ ಆಜ್ಞೆ ಬರೆದು ಎಂಟರ್ ಒತ್ತಿದರೆ ಅದು ಒಂದಿಷ್ಟು ಸಾಲು ಉತ್ತರ ಕೊಡುತ್ತದೆ. ಕಾಫಿ ಕೊಡಲು ಹೋದಾಗ ನಾನು ನಿಂತು ನೋಡುತ್ತಿದ್ದೆ. ನನಗೆ ಕಂಡದ್ದು ಇಷ್ಟೇ: ಕೀಬೋರ್ಡಿನಲ್ಲಿ ಎಂಟರ್ ಗುಂಡಿಯೊಂದೇ ಸವೆದು, ಹಳೆಯ ಮನೆಯ ಹೊಸ್ತಿಲಿನಂತೆ ನುಣುಪಾಗಿತ್ತು.

ಸುಮಾಳಿಗೆ ಜಗಳೂರಿನ ಕಡೆ ಸಂಬಂಧ ಕುದುರಿತು. ಒಳ್ಳೆಯ ಜನ. ಆದರೆ ಮಾತುಕತೆಯ ದಿನ ಬೀಗಿತ್ತಿ, ಎಂದರೆ ಸುಮಾಳ ಅತ್ತೆಯಾಗುವವರು, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದ್ದರು: "ಮದುವೆ ಆದ್ಮ್ಯಾಲೆ ಕೆಲಸ ಯಾಕ್ರೀ? ನಮ್ಮನ್ಯಾಗೆ ಉಣ್ಣಾಕೆ ತಿನ್ನಾಕೆ ಏನ್ ಕಮ್ಮಿ ಐತೆ?" ಪ್ರೀತಿಯಿಂದಲೇ ಕೇಳಿದ್ದು. ಅಂದು ಸುಮಾ ಊಟಕ್ಕೆ ಕೆಳಗೆ ಬರಲಿಲ್ಲ.

ಮೆಹಂದಿಯ ದಿನ ಬಂತು. ನ್ಯಾಮತಿಯಿಂದ ಬಂದ ಹುಡುಗಿ ಸುಮಾಳ ಎರಡೂ ಕೈಗೆ ಮೊಣಕೈತನಕ ಬಳ್ಳಿ ಹಬ್ಬಿಸಿ ಎದ್ದಿದ್ದಳಷ್ಟೆ. ಬೀಗಿತ್ತಿಯೂ ಸೀರೆ ತೋರಿಸಲು ಬಂದು ನಡುಮನೆಯಲ್ಲಿ ನಮ್ಮ ಜೊತೆಯೇ ಕೂತಿದ್ದರು. ಸುಮಾಳ ರಜೆ ಶುರುವಾಗುವುದು ಮರುದಿನದಿಂದ. ಇವತ್ತೇನೂ ಬರಲಾರದು ಎಂದುಕೊಂಡರೂ, ಇರಲಿ ಎಂದು ಲ್ಯಾಪ್‌ಟಾಪನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದಳು. ಬಂತು. ಆಫೀಸಿನಿಂದ ಫೋನು: ಒಂದು ಗೋದಾಮಿನ ಲೈನು ಬದಲಾಗಿದೆ, ಸರ್ವರ್ ಇನ್ನೂ ಹಳೆಯ ದಾರಿಗೇ ಕಳಿಸುತ್ತಿದೆ, ಅರ್ಧ ಗಂಟೆಯೊಳಗೆ ಸರಿಯಾಗಬೇಕು. ಇನ್ನೊಬ್ಬ ಆಪರೇಟರ್ ಕೈಗೆ ಸಿಗುತ್ತಿಲ್ಲ. ಹಿಂದೊಮ್ಮೆ ಕರೆಂಟ್ ಹೋಗಿ ತಡವಾದಾಗಲೇ ಅವಳಿಗೆ ಎಚ್ಚರಿಕೆ ಬಂದಿತ್ತು. ಮತ್ತೆ ತಪ್ಪಿದರೆ ಮನೆಯಿಂದ ಕೆಲಸ ಬಂದ್, ಆಫೀಸಿಗೇ ಬರಬೇಕು. ಜಗಳೂರಿನಿಂದ ಅದು ಆಗುವ ಮಾತಲ್ಲ. ಬೀಗಿತ್ತಿ ಬಿಡಿಸುವುದೇ ಬೇಡ, ಕೆಲಸ ತಾನಾಗಿ ಹೋಗುತ್ತಿತ್ತು.

ಸುಮಾ ತನ್ನ ಕೈ ನೋಡಿಕೊಂಡಳು. ಆಮೇಲೆ ನನ್ನ ಕೈ ನೋಡಿದಳು. "ಅತ್ತಿಗೆ, ನೀವು ಕೂತ್ಕಳ್ರಿ. ನಾನು ಹೇಳ್ತೀನಿ, ನೀವು ಹೊಡೀರಿ."

ನಾನು ಸೆರಗಿಗೆ ಕೈ ಒರೆಸಿಕೊಂಡು ಕೂತೆ. ಕಾನ್ವೆಂಟಿನಲ್ಲಿ ಟೈಪಿಂಗ್ ಕಲಿತವಳು, ಬೆರಳಿಗೇನೂ ಭಯವಿರಲಿಲ್ಲ. ಆದರೆ ಅದೇ ಕಾನ್ವೆಂಟಿನಲ್ಲಿ, ಪ್ಲೀಸ್ ಅನ್ನದೆ ಚಾಕ್‌ಪೀಸ್ ಕೇಳಿದರೂ ಸಿಸ್ಟರ್ ನಮ್ಮನ್ನು ಬಾಗಿಲಿಗೆ ವಾಪಸ್ ಕಳಿಸಿ ಮೊದಲಿಂದ ಕೇಳಿಸುತ್ತಿದ್ದರು. ಸುಮಾ "ಡಿಸ್‌ಪ್ಲೇ" ಎಂದು ಶುರುಮಾಡಿದಳು. ಯಾವುದೋ ದೂರದ ಊರಿನ ದೊಡ್ಡ ಯಂತ್ರ, ಮೊದಲ ಪರಿಚಯ. ನನ್ನ ಬೆರಳು ತಾನಾಗಿ ಮುಂದೊಂದು ಪ್ಲೀಸ್ ಸೇರಿಸಿ ಎಂಟರ್ ಒತ್ತಿತು.

ಪರದೆ ಒಂದು ಸಾಲಿನಲ್ಲಿ ನನ್ನನ್ನು ತಿರಸ್ಕರಿಸಿತು.

"ಯಾಕೆ, ಬೈತಾ ಐತಾ ಅದು?" ಬೀಗಿತ್ತಿ ಕುರ್ಚಿ ಹತ್ತಿರ ಎಳೆದುಕೊಂಡರು.

"ಅತ್ತಿಗೆ, ಪ್ಲೀಸ್ ಯಾಕೆ ಹಾಕಿದ್ರಿ?"

"ಮೊದಲ ಸಲ ಅಲ್ವೇನೆ, ಒರಟಾಗುತ್ತೆ ಅಂತ..."

"ಅದಕ್ಕೆ ಬೇಜಾರಾಗಲ್ಲ ರೀ. ಬರೀ ಆಜ್ಞೆ ಹೊಡೀರಿ. ಮೊದ್ಲು ಹೆಂಗಿದ್ದೀಯ ಅಂತ ಕೇಳಾದು, ಆಮೇಲೆ ಏನ್ ಮಾಡ್ಬೇಕು ಅಂತ ಹೇಳಾದು."

ಹೊಡೆದೆ. ಅದು ತನಗೆ ಗೊತ್ತಿರುವ ದಾರಿಗಳನ್ನೆಲ್ಲ ಪಟ್ಟಿ ಮಾಡಿ ತೋರಿಸಿತು. ಗೋದಾಮಿನದು ಹಳೆಯದೇ ಇತ್ತು. ಹನ್ನೆರಡು ನಿಮಿಷ ಉಳಿದಿತ್ತು.

"ಆಫ್ ಮಾಡಿ ಆನ್ ಮಾಡಿದ್ರೆ ಆಗಾಕಿಲ್ವಾ? ನಮ್ಮ ಬೋರಿನ ಮೋಟ್ರಿಗೆ ನಾನು ಹಂಗೇ ಮಾಡಾದು," ಎಂದರು ಬೀಗಿತ್ತಿ.

ಸುಮಾ ಎರಡೂ ಕೈಯನ್ನು ಆರತಿ ತಟ್ಟೆ ಹಿಡಿದವಳಂತೆ ಎತ್ತಿಕೊಂಡೇ ತಿರುಗಿದಳು. "ನಿಲ್ಸಿದ್ರೆ ಎಲ್ಲಾ ದಾರಿನೂ ಮರ್ತುಬಿಡ್ತೈತೆ ಅತ್ತೆ. ಸರಿ ಇರೋ ಊರಿಗೂ ಸಂದೇಶ ಹೋಗಾಕಿಲ್ಲ. ನಡೀತಾ ಇರಾಗ್ಲೇ, ಇದೊಂದು ಬದಲಾಗೈತೆ, ಪಟ್ಟಿ ಇನ್ನೊಂದ್ಸಲ ಓದ್ಕೋ ಅಂತ ಹೇಳ್ಬೇಕು."

ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಒಂದೊಂದೇ ಹೊಡೆದೆ. ಎಂಟರ್. ಪರದೆ ಸುಮ್ಮನಿತ್ತು. ಬೀಗಿತ್ತಿಯ ಬಾಯೊಳಗಿನ ಅಡಿಕೆಯ ಸದ್ದೂ ನಿಂತಿತು. ಒಂದು ಸಾಲು ಬಂತು, ಇನ್ನೊಂದು ಬಂತು. ಮತ್ತೆ ಪಟ್ಟಿ ಕೇಳಿದೆವು. ಗೋದಾಮಿನ ಎದುರು ಹೊಸ ದಾರಿ. ಆಫೀಸಿನವರು ಫೋನಿನಲ್ಲಿ "ಬಂತು, ಬಂತು" ಎಂದರು. ನಾನು ಪರದೆಗೆ ಥ್ಯಾಂಕ್ಸ್ ಹೊಡೆಯಲು ಹೋದೆ. ಸುಮಾ ಕಾಲಿನಿಂದಲೇ ನನ್ನ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

ಬೀಗಿತ್ತಿ ತಂದಿದ್ದ ಸೀರೆಗಳನ್ನು ಮಡಿಸಿಟ್ಟು ಎದ್ದರು. ಹೊರಡುವಾಗ ನಮ್ಮತ್ತೆಗೆ ಹೇಳಿದರು: "ನಡೀತಾ ಇರಾದನ್ನ ಯಾಕೆ ನಿಲ್ಸಾದು ಬಿಡ್ರಿ. ನಮ್ಮನ್ಯಾಗೆ ಕಿಟಕಿ ತಾವ ಸಿಗ್ನಲ್ ಚೆನ್ನಾಗಿ ಬರ್ತೈತೆ. ಅಲ್ಲೇ ಒಂದು ಟೇಬಲ್ ಹಾಕಿಸ್ತೀನಿ."

ಇದನ್ನೆಲ್ಲ ಬರೆಯುತ್ತಾ ಸುಮಾಳ ಜೊತೆ ಮಾತಾಡಬೇಕೆನಿಸಿ ಈಗಷ್ಟೇ ಫೋನ್ ಮಾಡಿದೆ. ಎತ್ತಿದ್ದು ಅವಳ ಅತ್ತೆ, ಆ ಬೀಗಿತ್ತಿಯೇ, ಪಿಸುದನಿಯಲ್ಲಿ.

"ಡ್ಯೂಟಿ ಮ್ಯಾಲೆ ಅದಾಳೆ. ಐದರ ಮ್ಯಾಲೆ ಮಾಡ್ರಿ. ನಾನೇ ಈ ಹೊತ್ತಿನಾಗೆ ಮಿಕ್ಸಿ ಹಾಕಾಕಿಲ್ಲ, ಗೊತ್ತಾ." ಆಮೇಲೆ ಕೇಳಿದರು, "ನೀವೇನ್ ಮಾಡ್ತಾ ಇದ್ರಿ?"

ಇಪ್ಪತ್ತು ವರ್ಷದಿಂದ ಈ ಪ್ರಶ್ನೆಗೆ ನನ್ನ ಉತ್ತರ ಒಂದೇ: ಏನಿಲ್ಲ, ಮನೇಲೇ ಇದ್ದೆ. ಇವತ್ತು ಯಾಕೋ ನಾಲಿಗೆ ಬೇರೆ ದಾರಿ ಹಿಡಿಯಿತು.

"ಬರೀತಾ ಇದ್ದೆ ಕಣ್ರೀ."

"ಅಯ್ಯೋ, ಹಂಗಾದ್ರೆ ಇಡ್ತೀನಿ. ಕೆಲಸ ಮಾಡ್ರಿ," ಎಂದು ಅವರು ನನ್ನ ಉತ್ತರಕ್ಕೂ ಕಾಯದೆ ಫೋನ್ ಇಟ್ಟುಬಿಟ್ಟರು.